ಪದಕವೂ ತಿದ್ದುಪಡಿಯೂ: ಬೆಂಗಳೂರಿನ ವಿಜ್ಞಾನ ಸಂಘಗಳು

ಗವಿಪುರಕ್ಕೆ ಜನ ಹೋಗುವುದು ಹೆಚ್ಚಾಗಿ ಗವಿಗಂಗಾಧರೇಶ್ವರನ ದರ್ಶನಕ್ಕೆ. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ತೂರಿ ಲಿಂಗವನ್ನು ಮುಟ್ಟುವ ಕ್ಷಣವನ್ನು ನಾಡೇ ಟಿ.ವಿ.ಯಲ್ಲಿ ನೋಡುತ್ತದೆ. ಆ ಗುಡಿ ಇರುವುದು ಬೆಂಗಳೂರಿನ ಅಡಿಪಾಯವಾದ ನೈಸ್ ಬಂಡೆಯ ಹೊಟ್ಟೆಯಲ್ಲಿ. ಲಾಲ್‌ಬಾಗಿನ ಬಂಡೆಯೂ ಇದೇ ಕುಲದ್ದು. ವಯಸ್ಸು ಸುಮಾರು 300 ಕೋಟಿ ವರ್ಷ. ಇಂಥ ಬಂಡೆಗಳ ಜಾತಕವನ್ನು ವರ್ಷವಿಡೀ ಓದುವ, ಓದಿದ್ದರ ಬಗ್ಗೆ ಜಗಳವಾಡುವ ಕಚೇರಿಯೊಂದು ಅದೇ ಗವಿಪುರದ ಬಸಪ್ಪ ಲೇಔಟ್‌ನಲ್ಲಿದೆ. ಅದು ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾ, ಭಾರತದ ಭೂವಿಜ್ಞಾನಿಗಳ ಸಂಘ.

ಹೆಸರಿನ ಗೊಂದಲ ಮೊದಲೇ ಬಿಡಿಸಿಕೊಳ್ಳಬೇಕು. ಕೋಲ್ಕತ್ತದಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡಿರುವ ಜಿಯಲಾಜಿಕಲ್ ಸರ್ವೆ 1851ರಲ್ಲಿ ಹುಟ್ಟಿದ ಸರ್ಕಾರಿ ಇಲಾಖೆ; ಅಲ್ಲಿರುವವರು ನೌಕರರು. ಗವಿಪುರದ ಸೊಸೈಟಿ 1958ರಲ್ಲಿ ಹುಟ್ಟಿದ್ದು. ಇಲ್ಲಿರುವವರು ಚಂದಾ ಕಟ್ಟಿ ಸೇರಿದ ಸದಸ್ಯರು. ಇಲಾಖೆಯಲ್ಲಿ ಮೇಲಿನವರ ಮಾತು ನಡೆಯಬೇಕು. ಸಂಘದಲ್ಲಿ ಯಾರ ಮಾತನ್ನು ಯಾರು ಬೇಕಾದರೂ ಪ್ರಶ್ನಿಸಬಹುದು. ಸಂಘ ಕಟ್ಟುವುದೇ ಅದಕ್ಕೆ.

ವಿಜ್ಞಾನ ಸಂಘ ಎಂಬುದು ಮೇಲ್ನೋಟಕ್ಕೆ ಮೂರು ಕೆಲಸ ಮಾಡುತ್ತದೆ. ಸಭೆ ಸೇರಿಸುತ್ತದೆ, ಪತ್ರಿಕೆ ಅಚ್ಚು ಹಾಕಿಸುತ್ತದೆ, ಯೋಗ್ಯರನ್ನು ಗೌರವಿಸುತ್ತದೆ. ನಾಲ್ಕನೆಯದು ಬೈಲಾದಲ್ಲಿ ಅಷ್ಟಾಗಿ ಕಾಣುವುದಿಲ್ಲ: ತಾನೇ ಅಚ್ಚು ಹಾಕಿದ್ದು ತಪ್ಪಾದರೆ ಅದನ್ನು ಹೇಳುವುದು, ತಾನು ಅನುಮಾನಿಸಿದವನು ಸಾಚಾ ಎಂದು ತಿಳಿದರೆ ಅದನ್ನೂ ಹೇಳುವುದು. ಪದಕ ಪ್ರದಾನಕ್ಕೆ ಹಾರ, ಶಾಲು, ಫೋಟೊ ಇರುತ್ತವೆ. ತಿದ್ದುಪಡಿಗೆ ಪತ್ರಿಕೆಯ ಹಿಂಬದಿಯ ಪುಟವೊಂದು ಸಿಕ್ಕರೆ ಅದೇ ದೊಡ್ಡದು. ಬೆಂಗಳೂರಿನ ಸಂಘಗಳ ಚರಿತ್ರೆಯಲ್ಲಿ ಈ ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ.

ಊರಿನ ಸಂಘಗಳಲ್ಲೆಲ್ಲ ದೊಡ್ಡ ಹೆಸರು ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್. ರಾಜಾಜಿನಗರದಿಂದ ಮಲ್ಲೇಶ್ವರ ಹಾದು ಸದಾಶಿವನಗರದ ಕಡೆಗೆ ಹೊರಳಿದರೆ, ಮೇಖ್ರಿ ವೃತ್ತಕ್ಕೆ ಮುಂಚೆ, ಮರಗಳ ಮರೆಯಲ್ಲಿ ಅದರ ಕಟ್ಟಡವಿದೆ. ಪಕ್ಕದಲ್ಲೇ ರಾಮನ್ ಸಂಶೋಧನಾ ಸಂಸ್ಥೆ. ಸಿ.ವಿ. ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಮಂದಿರಕ್ಕೆ, ಅಂದರೆ ಬೆಂಗಳೂರಿನ ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಅದಕ್ಕೆ ವರ್ಷ ಮುಂಚೆ, 1932ರಲ್ಲಿ, ‘ಕರೆಂಟ್ ಸೈನ್ಸ್’ ಪತ್ರಿಕೆ ಇಲ್ಲಿಂದಲೇ ಹೊರಟಿತ್ತು. ಇಡೀ ದೇಶಕ್ಕೆ ಒಂದು ವಿಜ್ಞಾನ ಅಕಾಡೆಮಿ ಬೇಕು ಎಂಬ ಮಾತು ಆಗ ಎಲ್ಲೆಡೆ ಓಡಾಡುತ್ತಿತ್ತು. ಸಮಿತಿ ಕೂತಿತು, ಸಭೆಗಳು ನಡೆದವು. ರಾಮನ್ ಅಷ್ಟು ತಾಳ್ಮೆಯ ಮನುಷ್ಯರಲ್ಲ. 1934ರ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ ತಮ್ಮ ಅಕಾಡೆಮಿಯನ್ನು ನೋಂದಣಿ ಮಾಡಿಸಿಯೇಬಿಟ್ಟರು. ಜುಲೈ 31ರಂದು ಉದ್ಘಾಟನೆಯಾದಾಗ ಸ್ಥಾಪಕ ಫೆಲೋಗಳು 65 ಮಂದಿ. ಅದೇ ದಿನ ರಾಮನ್ ಅಧ್ಯಕ್ಷರಾದರು. 1970ರ ನವೆಂಬರ್ 21ರಂದು ತೀರಿಕೊಳ್ಳುವವರೆಗೆ ಆ ಕುರ್ಚಿ ಬಿಡಲಿಲ್ಲ.

ಕಲ್ಕತ್ತದವರು ಸುಮ್ಮನಿರುತ್ತಾರೆಯೇ? 1935ರ ಜನವರಿಯಲ್ಲಿ ಅಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಸ್ ಆರಂಭವಾಯಿತು. ಇಂದು ದೆಹಲಿಯಲ್ಲಿರುವ ‘ಇನ್ಸಾ’ ಅದರದೇ ಹೊಸ ಹೆಸರು. ಮೇಘನಾದ ಸಹಾ 1930ರಲ್ಲೇ ಅಲಹಾಬಾದಿನಲ್ಲಿ ಇನ್ನೊಂದನ್ನು ಕಟ್ಟಿದ್ದರು. ಹೀಗೆ ಒಂದು ಅಕಾಡೆಮಿ ಬೇಕೆಂದು ಹೊರಟ ದೇಶಕ್ಕೆ ಮೂರು ದಕ್ಕಿದವು, ಮೂರೂ ಇನ್ನೂ ಬದುಕಿವೆ.

ಅಕಾಡೆಮಿಯ ಮುಖ್ಯ ಗೌರವ ಪದಕವಲ್ಲ, ಫೆಲೋಷಿಪ್. ಅದಕ್ಕೆ ಯಾರೂ ತಾವಾಗಿ ಅರ್ಜಿ ಹಾಕುವಂತಿಲ್ಲ; ಇರುವ ಫೆಲೋಗಳು ಹೆಸರು ಸೂಚಿಸಬೇಕು, ಆಯಾ ವಿಷಯದ ಸಮಿತಿ ತೂಗಿ ನೋಡಬೇಕು, ಆಮೇಲೆ ಚುನಾವಣೆ. ಇದರ ಜೊತೆಗೆ ವಿದೇಶದ ದೊಡ್ಡವರಿಗೆ ಗೌರವ ಫೆಲೋಷಿಪ್ ಇದೆ, 1983ರಿಂದ ಕಿರಿಯರಿಗೆ ‘ಯಂಗ್ ಅಸೋಸಿಯೇಟ್’ ಸ್ಥಾನ ಇದೆ. ರಾಮನ್ನರ ನೆನಪಿಗೆ 1972ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಮನ್ ಪೀಠವೂ ಇದೆ. ಅದರ ಮೇಲೆ ಬಂದ ವಿಜ್ಞಾನಿಗಳು ಕೆಲವು ವಾರ, ಕೆಲವು ತಿಂಗಳು ಇಲ್ಲಿದ್ದು ಉಪನ್ಯಾಸ ಕೊಡುತ್ತಾರೆ. ಊರಿನ ಕಾಲೇಜು ವಿದ್ಯಾರ್ಥಿಗಳಿಗೆ ಇವೆಲ್ಲಕ್ಕಿಂತ ಹತ್ತಿರದ್ದು ಬೇಸಿಗೆ ಸಂಶೋಧನಾ ಫೆಲೋಷಿಪ್. ಈಗ ಮೂರೂ ಅಕಾಡೆಮಿಗಳು ಸೇರಿ ನಡೆಸುವ ಈ ಯೋಜನೆಯಲ್ಲಿ ಬಿಎಸ್ಸಿ, ಎಂಜಿನಿಯರಿಂಗ್ ಹುಡುಗ–ಹುಡುಗಿಯರು ರಜೆಯ ಎರಡು ತಿಂಗಳು ನಿಜವಾದ ಪ್ರಯೋಗಾಲಯದಲ್ಲಿ ಕಳೆಯುತ್ತಾರೆ.

ಗೌರವದ ಲೆಕ್ಕದಲ್ಲಿ ಹೆಂಗಸರ ಪಾಲು ಎಷ್ಟು ಎಂಬ ಪ್ರಶ್ನೆ ಈ ಅಕಾಡೆಮಿಗೆ ಹುಟ್ಟಿನಿಂದಲೇ ಅಂಟಿದೆ. 1933ರಲ್ಲಿ ಕಮಲಾ ಭಾಗವತ್ ಎಂಬ ವಿದ್ಯಾರ್ಥಿನಿಗೆ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸೀಟು ಕೊಡಲು ರಾಮನ್ ಒಪ್ಪಿರಲಿಲ್ಲ. ಆಕೆ ಪಟ್ಟು ಹಿಡಿದ ಮೇಲೆ ಒಂದು ವರ್ಷ ಪರೀಕ್ಷಾರ್ಥ ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಮುಂದೆ ಕಮಲಾ ಸೋಹೋನಿ ಎಂಬ ಹೆಸರಿನಿಂದ ಆಕೆ ಜೀವರಸಾಯನ ವಿಜ್ಞಾನದಲ್ಲಿ ಪ್ರಸಿದ್ಧರಾದರು. ಅದೇ ರಾಮನ್ನರ ಅಕಾಡೆಮಿ 1935ರಲ್ಲಿ ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ ಅವರನ್ನು ಫೆಲೋ ಆಗಿ ಆರಿಸಿತು. ಇವೆರಡೂ ಒಂದೇ ಮನುಷ್ಯನ ಕಾಲದಲ್ಲಿ, ಎರಡು ವರ್ಷದ ಅಂತರದಲ್ಲಿ ನಡೆದವು ಎಂಬುದನ್ನು ಹೇಗೆ ಹೊಂದಿಸಿಕೊಳ್ಳುವುದೋ ತಿಳಿಯದು. 2008ರಲ್ಲಿ ಅಕಾಡೆಮಿಯೇ ‘ಲೀಲಾವತೀಸ್ ಡಾಟರ್ಸ್’ ಎಂಬ ಪುಸ್ತಕ ಹೊರತಂದಿತು. ರೋಹಿಣಿ ಗೋಡ್ಬೋಲೆ ಮತ್ತು ರಾಮ್ ರಾಮಸ್ವಾಮಿ ಸಂಪಾದಿಸಿದ ಈ ಪುಸ್ತಕದಲ್ಲಿ ಸುಮಾರು ನೂರು ಭಾರತೀಯ ವಿಜ್ಞಾನಿ ಮಹಿಳೆಯರ ಕಥೆಗಳಿವೆ.

ಪದಕಕ್ಕಿಂತ ರಾಮನ್ನರಿಗೆ ಪತ್ರಿಕೆಯ ಮೇಲೆ ಮಮತೆ ಹೆಚ್ಚು. ಅಕಾಡೆಮಿಯ ‘ಪ್ರೊಸೀಡಿಂಗ್ಸ್’ 1934ರ ಜುಲೈನಲ್ಲೇ ಹೊರಟಿತು. ಶಬ್ದದ ಅಲೆಗಳು ಹಾಯುವ ದ್ರವದಲ್ಲಿ ಬೆಳಕು ಹೇಗೆ ಚದುರುತ್ತದೆ ಎಂಬ ರಾಮನ್–ನಾಗೇಂದ್ರನಾಥ್ ಸರಣಿ ಪ್ರಬಂಧಗಳು 1935–36ರಲ್ಲಿ ಅಚ್ಚಾದದ್ದು ಇದರಲ್ಲೇ. ಅವು ಇಂದಿಗೂ ಪಠ್ಯಪುಸ್ತಕದಲ್ಲಿವೆ. ಆದರೆ ಸ್ವಂತ ಮನೆಯ ಪತ್ರಿಕೆಗೆ ಇನ್ನೊಂದು ಮುಖವೂ ಉಂಟು. ಹರಳುಗಳ ಕಂಪನದ ಬಗ್ಗೆ ಮ್ಯಾಕ್ಸ್ ಬಾರ್ನ್ ಜೊತೆ ರಾಮನ್ ನಡೆಸಿದ ದೀರ್ಘ ಜಗಳದಲ್ಲಿ ವಿಜ್ಞಾನಲೋಕ ಕೊನೆಗೆ ಬಾರ್ನ್ ಕಡೆ ನಿಂತಿತು. ಬಣ್ಣಗಳನ್ನು ಕಣ್ಣು ಹೇಗೆ ಗ್ರಹಿಸುತ್ತದೆ ಎಂಬ ರಾಮನ್ನರ ವಾದವನ್ನು ಅಕಾಡೆಮಿ 1968ರಲ್ಲಿ ಪುಸ್ತಕವಾಗಿಯೇ ಪ್ರಕಟಿಸಿತು, ಅದೂ ನಿಲ್ಲಲಿಲ್ಲ. ಸಂಪಾದಕನೂ ಅಧ್ಯಕ್ಷನೂ ಲೇಖಕನೂ ಒಬ್ಬನೇ ಆದಾಗ ‘ಇದು ಬೇಡ’ ಎನ್ನುವವರು ಯಾರು? ಇದನ್ನು ಮೋಸ ಎನ್ನಲಾಗದು. ರಾಮನ್ ನಂಬಿದ್ದನ್ನೇ ಬರೆದರು. ಆದರೆ ಬೇರೆಯವರ ಕಣ್ಣಿಗೆ ಬೀಳದೆ ಅಚ್ಚಾಗುವ ಬರಹಕ್ಕೆ ಎಷ್ಟು ದೊಡ್ಡ ಹೆಸರಿದ್ದರೂ ಜಾಮೀನು ಸಿಗುವುದಿಲ್ಲ.

ಅದೇ ‘ಪ್ರೊಸೀಡಿಂಗ್ಸ್’ನ 1956ರ ಸಂಪುಟದಲ್ಲಿ ಎಸ್. ಪಂಚರತ್ನಂ ಎಂಬ 22ರ ಯುವಕನ ಪ್ರಬಂಧವೊಂದಿದೆ. ಅಕಾಡೆಮಿ ಹುಟ್ಟಿದ ವರ್ಷವೇ ಹುಟ್ಟಿದವರು, ರಾಮನ್ನರ ಸೋದರಳಿಯ. ಧ್ರುವೀಕೃತ ಬೆಳಕು ಒಂದು ಸುತ್ತು ಸುತ್ತಿ ಮೊದಲಿನ ಸ್ಥಿತಿಗೆ ಮರಳಿದಾಗ ಅದರ ಹಂತದಲ್ಲಿ ಸಣ್ಣದೊಂದು ವ್ಯತ್ಯಾಸ ಉಳಿಯುತ್ತದೆ ಎಂದು ಅವರು ತೋರಿಸಿದ್ದರು. ಹೊರಲೋಕ ಗಮನಿಸಲಿಲ್ಲ. ಪಂಚರತ್ನಂ 1969ರಲ್ಲಿ, 35ರ ವಯಸ್ಸಿಗೇ, ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. 1984ರಲ್ಲಿ ಇಂಗ್ಲೆಂಡಿನ ಮೈಕೆಲ್ ಬೆರ್ರಿ ಕ್ವಾಂಟಮ್ ಲೋಕದಲ್ಲಿ ಇಂಥದೇ ‘ಜ್ಯಾಮಿತೀಯ ಹಂತ’ವನ್ನು ಕಂಡು ಜಗತ್ಪ್ರಸಿದ್ಧರಾದರು. ಆಗ ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ 1986ರ ‘ಕರೆಂಟ್ ಸೈನ್ಸ್’ನಲ್ಲಿ ಬರೆದರು: ಇದರ ಮೊದಲ ಉದಾಹರಣೆ 30 ವರ್ಷಗಳ ಹಿಂದೆಯೇ ನಮ್ಮಲ್ಲಿ ಅಚ್ಚಾಗಿದೆ. ಬೆರ್ರಿ ಹಳೆಯ ಸಂಪುಟ ಓದಿದರು, ಒಪ್ಪಿದರು, 1987ರಲ್ಲಿ ಪಂಚರತ್ನಂ ಅವರ ಹೆಸರನ್ನೇ ಶೀರ್ಷಿಕೆಯಲ್ಲಿಟ್ಟು ಪ್ರಬಂಧ ಬರೆದರು. ಇಂದು ಅದಕ್ಕೆ ‘ಪಂಚರತ್ನಂ–ಬೆರ್ರಿ ಹಂತ’ ಎಂದೇ ಹೆಸರು. ಸಂಶೋಧನೆಯ ಪ್ರಾಮಾಣಿಕತೆ ಎಂದರೆ ಕಳ್ಳತನ ಮಾಡದಿರುವುದು ಮಾತ್ರವಲ್ಲ, ಸತ್ತವನ ಪಾಲನ್ನು ಹುಡುಕಿ ಕೊಡುವುದೂ ಅದರಲ್ಲಿ ಸೇರಿದೆ.

ವೈಜ್ಞಾನಿಕ ಮೌಲ್ಯಗಳ ಬಗ್ಗೆ ಅಕಾಡೆಮಿಗೆ ಪ್ರತ್ಯೇಕ ಮಂಡಳಿಯಿದೆ, ಲಿಖಿತ ಮಾರ್ಗಸೂಚಿಯಿದೆ. ‘ಕರೆಂಟ್ ಸೈನ್ಸ್’ ಸಂಪಾದಕರಾಗಿದ್ದ ಪಿ. ಬಲರಾಂ ಕೃತಿಚೌರ್ಯ, ಇಂಪ್ಯಾಕ್ಟ್ ಫ್ಯಾಕ್ಟರ್ ವ್ಯಾಮೋಹ, ತಿರುಚಿದ ದತ್ತಾಂಶಗಳ ಬಗ್ಗೆ ಸಂಪಾದಕೀಯಗಳಲ್ಲಿ ಮತ್ತೆ ಮತ್ತೆ ಬರೆದರು. 2018ರಲ್ಲಿ ಮೂರೂ ಅಕಾಡೆಮಿಗಳು ಸೇರಿ ಒಂದು ನೀತಿ ಹೇಳಿಕೆ ಹೊರಡಿಸಿದವು: ವಿಜ್ಞಾನಿಯನ್ನು ಅಳೆಯಬೇಕಾದ್ದು ಪ್ರಬಂಧಗಳ ಸಂಖ್ಯೆಯಿಂದಲೋ ಪತ್ರಿಕೆಯ ಅಂಕದಿಂದಲೋ ಅಲ್ಲ, ಅದರೊಳಗಿನ ಹೂರಣದಿಂದ ಎಂದು. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ.

ಆದರೆ ಕಾಗದವೇ ಕೈಕೊಟ್ಟ ಪ್ರಸಂಗವೂ ಒಂದಿದೆ. ಅದರ ಮೂಲ ಒಂದು ಬದನೆಕಾಯಿ. ಕುಲಾಂತರಿ ಬಿಟಿ ಬದನೆಯನ್ನು ಹೊಲಕ್ಕೆ ಬಿಡಬೇಕೆ ಎಂದು ಕೇಳಲು ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸಿದರು. ಕೊನೆಯದು ನಡೆದದ್ದು ಬೆಂಗಳೂರಿನಲ್ಲಿ. ಮಟ್ಟುಗುಳ್ಳದಿಂದ ಹಿಡಿದು ಹತ್ತಾರು ನಾಟಿ ಬದನೆಗಳ ನಾಡಿದು, ಸಭೆ ತಣ್ಣಗೆ ನಡೆಯುವುದು ಸಾಧ್ಯವಿರಲಿಲ್ಲ. 2010ರ ಫೆಬ್ರುವರಿ 9ರಂದು ಸಚಿವರು ಬಿಟಿ ಬದನೆಗೆ ತಡೆ ಹಾಕಿದರು. ಬಳಿಕ ದೇಶದ ಆರು ಅಕಾಡೆಮಿಗಳ ಅಭಿಪ್ರಾಯ ಕೇಳಿದರು. ಬೆಂಗಳೂರಿನದೂ ಅದರಲ್ಲಿ ಒಂದು. ಸೆಪ್ಟೆಂಬರಿನಲ್ಲಿ ಜಂಟಿ ವರದಿ ಬಂತು: ಸೀಮಿತವಾಗಿ ಬಿಡಬಹುದು ಎಂಬ ಶಿಫಾರಸು. ಓದಿದವರಿಗೆ ಕೆಲವು ಸಾಲುಗಳು ಎಲ್ಲೋ ಕಂಡಂತೆ ಅನಿಸಿದವು. ಹುಡುಕಿದರೆ, ಬಿಟಿ ಬೆಳೆಗಳ ಪರವಾಗಿ ಕೆಲಸ ಮಾಡಿದ್ದ ವಿಜ್ಞಾನಿಯೊಬ್ಬರು ಸರ್ಕಾರಿ ಸುದ್ದಿಪತ್ರವೊಂದಕ್ಕೆ 2009ರ ಡಿಸೆಂಬರಿನಲ್ಲಿ ಬರೆದಿದ್ದ ಲೇಖನದ ಭಾಗಗಳು ಅಕ್ಷರಕ್ಕೆ ಅಕ್ಷರ ವರದಿಯಲ್ಲಿ ಕೂತಿದ್ದವು, ಎಲ್ಲಿಂದ ಬಂದವು ಎಂಬ ಸುಳಿವೇ ಇಲ್ಲದೆ. ಸಚಿವರು ವರದಿಯನ್ನು ಬದಿಗಿಟ್ಟರು. ಇನ್ಸಾ ಅಧ್ಯಕ್ಷರಾಗಿದ್ದ, ಬೆಂಗಳೂರಿನವರೇ ಆದ ಎಂ. ವಿಜಯನ್ ತಪ್ಪನ್ನು ಒಪ್ಪಿಕೊಂಡರು. ಡಿಸೆಂಬರಿನಲ್ಲಿ ತಿದ್ದಿದ ವರದಿ ಬಂತು, ಶಿಫಾರಸು ಬದಲಾಗಲಿಲ್ಲ. ಬದಲಾಗಬೇಕಿತ್ತು ಎಂದೇನೂ ಅಲ್ಲ. ಆದರೆ ಎರವಲು ಮಾತಿನ ಅಪವಾದ ಒಮ್ಮೆ ಅಂಟಿದ ಮೇಲೆ ಸ್ವಂತ ಮಾತಿಗೂ ಕಿವಿಗೊಡುವವರು ಕಡಿಮೆಯಾದರು.

ಕೃತಿಚೌರ್ಯವನ್ನು ಈಗ ಯಂತ್ರ ಹಿಡಿಯುತ್ತದೆ. ಕೆಂಗೇರಿಯತ್ತ ಸಾಗುವ ಮೈಸೂರು ರಸ್ತೆಯಲ್ಲಿರುವ ಜ್ಞಾನಭಾರತಿ ಆವರಣದಲ್ಲಿ ಪಿಎಚ್‌.ಡಿ. ಮುಗಿಸುತ್ತಿರುವ ಯಾರನ್ನು ಕೇಳಿದರೂ ‘ಶೇಕಡಾ ಎಷ್ಟು ಬಂತು?’ ಎಂಬುದೇ ಮಾತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲಿ ತಂದ ನಿಯಮದ ಪ್ರಕಾರ ಬೇರೆ ಬರಹಗಳೊಂದಿಗೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಸಾಮಾನ್ಯ ತಿಳಿವಳಿಕೆಯ ಮಾತಾದರೆ ಸತತ 14 ಪದಗಳವರೆಗೆ ಹೊಂದಿಕೆಯಾದರೂ ಲೆಕ್ಕಕ್ಕಿಲ್ಲ. 2019ರಲ್ಲಿ ‘ಶೋಧಶುದ್ಧಿ’ ಯೋಜನೆಯ ಮೂಲಕ ಇದಕ್ಕೆ ಬೇಕಾದ ಸಾಫ್ಟ್‌ವೇರ್ ವಿಶ್ವವಿದ್ಯಾಲಯಗಳಿಗೆ ಸಿಕ್ಕಿತು. ಒಳ್ಳೆಯದೇ. ಆದರೆ ಈ ಯಂತ್ರ ನೋಡುವುದು ಪದಗಳನ್ನು. ಸಂಖ್ಯೆ ಸುಳ್ಳಾದರೆ, ಕಲ್ಲು ಸುಳ್ಳಾದರೆ ಅದು ಶೇಕಡಾ ಸೊನ್ನೆ ತೋರಿಸಿ ಕೈತೊಳೆದುಕೊಳ್ಳುತ್ತದೆ.

ಸುಳ್ಳು ಸಂಖ್ಯೆ ಹಿಡಿಯುವ ವಿದ್ಯೆಯ ಮನೆಯೂ ಅದೇ ಮೈಸೂರು ರಸ್ತೆಯಲ್ಲಿದೆ: ಎಂಟನೇ ಮೈಲಿಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರ. ಆ ಸಂಸ್ಥೆಯ ಮಹಾಪುರುಷ, ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್. ಅವರ ಗುರು ಆರ್.ಎ. ಫಿಶರ್ 1936ರಲ್ಲಿ ಮೆಂಡೆಲನ ಬಟಾಣಿ ಲೆಕ್ಕಗಳನ್ನು ಪರೀಕ್ಷಿಸಿ, ಅವು ನಂಬಲಾಗದಷ್ಟು ಅಚ್ಚುಕಟ್ಟಾಗಿವೆ ಎಂದಿದ್ದರು. ನಾಣ್ಯವನ್ನು ಸಾವಿರ ಸಲ ಚಿಮ್ಮಿದಾಗ ಪ್ರತಿ ಬಾರಿಯೂ ಸರಿಯಾಗಿ 500 ತಲೆ ಬಿದ್ದರೆ ಚಿಮ್ಮಿದವನ ಮೇಲೆ ಅನುಮಾನ ಬರಬೇಕಲ್ಲವೆ? ಇದೂ ಹಾಗೆಯೇ. ರಾವ್ ತಮ್ಮ ‘ಸ್ಟ್ಯಾಟಿಸ್ಟಿಕ್ಸ್ ಅಂಡ್ ಟ್ರೂತ್’ ಪುಸ್ತಕದಲ್ಲಿ ಬೇಯಿಸಿದ, ಕತ್ತರಿಸಿದ ದತ್ತಾಂಶಗಳನ್ನು ಗುರುತಿಸುವ ಬಗೆಯನ್ನು ವಿವರಿಸಿದ್ದಾರೆ. ನಿಜವಾದ ಅಳತೆಯಲ್ಲಿ ಒರಟುತನ ಇರಲೇಬೇಕು. 2023ರಲ್ಲಿ, 102ರ ವಯಸ್ಸಿನಲ್ಲಿ, ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಬಂತು. ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು.

ಒರಟುತನದ ಮಾತು ಬೆಂಗಳೂರಿಗೇ ಬಂದು ಬಡಿದದ್ದು 2018ರಲ್ಲಿ. ಟಾಟಾ ಇನ್‌ಸ್ಟಿಟ್ಯೂಟಿನ ಇಬ್ಬರು ಸಂಶೋಧಕರು ಚಿನ್ನದೊಳಗೆ ಬೆಳ್ಳಿಯ ನ್ಯಾನೋಕಣ ಹುದುಗಿಸಿದ ವಸ್ತು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ನಲ್ಲೇ ಅತಿವಾಹಕವಾಗುತ್ತದೆ ಎಂದು ಜುಲೈನಲ್ಲಿ ಜಾಲಕ್ಕೆ ಏರಿಸಿದರು. ನಿಜವಾಗಿದ್ದರೆ ನೊಬೆಲ್ ಖಚಿತ. ಮೂರು ವಾರದೊಳಗೆ ಎಂಐಟಿಯ ಬ್ರಯನ್ ಸ್ಕಿನ್ನರ್ ಒಂದು ನಕ್ಷೆಯಲ್ಲಿ ವಿಚಿತ್ರ ಕಂಡರು: ಎರಡು ಬೇರೆ ಬೇರೆ ಅಳತೆಗಳಲ್ಲಿ ಗದ್ದಲದ ಏರಿಳಿತ, ಅಂದರೆ ಎಂದೂ ಒಂದೇ ತೆರನಾಗಿ ಬರಬಾರದ ಒರಟು, ಚುಕ್ಕಿಗೆ ಚುಕ್ಕಿ ಒಂದೇ ಆಗಿತ್ತು. ಈ ಗಲಾಟೆಯ ನಡುವೆ ಅಕಾಡೆಮಿಯ ಮಾಜಿ ಅಧ್ಯಕ್ಷ ಟಿ.ವಿ. ರಾಮಕೃಷ್ಣನ್ ಅವರ ಹೆಸರಿನಲ್ಲಿ ಯಾರೋ ನಕಲಿ ಇ–ಮೇಲ್ ಕಳಿಸಿದ ಪ್ರಸಂಗವೂ ನಡೆಯಿತು. 2019ರಲ್ಲಿ ಹೆಚ್ಚಿನ ದತ್ತಾಂಶ, ಹೆಚ್ಚಿನ ಸಹಲೇಖಕರೊಂದಿಗೆ ಪರಿಷ್ಕೃತ ಪ್ರಬಂಧ ಬಂತು. ವಿಜ್ಞಾನಲೋಕ ಇನ್ನೂ ಆ ಹಕ್ಕನ್ನು ಒಪ್ಪಿಲ್ಲ. ಗಮನಿಸಬೇಕಾದ್ದು ಏನೆಂದರೆ, ಇಲ್ಲಿ ತಪ್ಪು ಹುಡುಕುವ ಕೆಲಸ ಯಾವ ಸಂಘದ ಸಮಿತಿಯೂ ಕೂರುವ ಮೊದಲೇ ನಡೆದುಹೋಗಿತ್ತು.

ಮತ್ತೆ ಗವಿಪುರಕ್ಕೆ. ಭೂವಿಜ್ಞಾನ ಸೊಸೈಟಿಯ ಬೇರು ಹಳೆಯ ಮೈಸೂರಿನ ಮಣ್ಣಿನಲ್ಲಿದೆ. ರಾಬರ್ಟ್ ಬ್ರೂಸ್ ಫೂಟ್ ಮುಂದಾಳತ್ವದಲ್ಲಿ 1894ರಲ್ಲಿ ಆರಂಭವಾದ ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆ, ಸೆಂಟ್ರಲ್ ಕಾಲೇಜಿನ ಭೂವಿಜ್ಞಾನ ವಿಭಾಗ, ಈ ಎರಡರ ಗರಡಿಯಲ್ಲಿ ತಯಾರಾದವರು ಸೊಸೈಟಿ ಕಟ್ಟಲು ಮುಂದಾದರು. ಸೆಂಟ್ರಲ್ ಕಾಲೇಜಿನ ಎಲ್. ರಾಮರಾವ್ ಪಳೆಯುಳಿಕೆ ತಜ್ಞರು; ಕಲ್ಲಾಗಿ ಉಳಿದ ಪಾಚಿಗಳ ಬಗ್ಗೆ ವಿಯೆನ್ನಾದ ಜೂಲಿಯಸ್ ಪಿಯಾ ಜೊತೆ 1936ರಲ್ಲೇ ಬರೆದವರು. ಸಿ.ಎಸ್. ಪಿಚ್ಚಮುತ್ತು ಕನಕಪುರದ ಕಡೆಯ ಕಬ್ಬಾಳದುರ್ಗದ ಕಲ್ಲುಕ್ವಾರಿಯಲ್ಲಿ ನೈಸ್ ಶಿಲೆ ಚಾರ್ನೊಕೈಟ್ ಆಗಿ ಮಾರ್ಪಡುತ್ತಿರುವುದನ್ನು ಕಣ್ಣಾರೆ ತೋರಿಸಿ 1960ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದರು. ಇಂದಿಗೂ ಜಗತ್ತಿನ ಶಿಲಾತಜ್ಞರು ಆ ಕ್ವಾರಿ ಹುಡುಕಿಕೊಂಡು ಬರುತ್ತಾರೆ. ಮೊದಲ ಅಧ್ಯಕ್ಷರಾಗಿ ಹಿಮಾಲಯದ ಭೂವಿಜ್ಞಾನದ ಹಿರಿಯ ಡಿ.ಎನ್. ವಾಡಿಯಾ ಸಿಕ್ಕರು.

ಇವರೆಲ್ಲರ ನಡುವೆ ದಾರ ಪೋಣಿಸಿದವರು ಬಿ.ಪಿ. ರಾಧಾಕೃಷ್ಣ. ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದವರು, ಹಟ್ಟಿ ಚಿನ್ನದ ಗಣಿಗೆ ಮರುಜೀವ ಕೊಟ್ಟವರಲ್ಲಿ ಒಬ್ಬರು. ಕೆಂಗೇರಿ ದಾಟಿ ಬಿಡದಿ, ರಾಮನಗರದ ದಿಕ್ಕಿಗೆ ಹೋಗುವಾಗ ಎದ್ದು ನಿಲ್ಲುವ ಗುಡ್ಡಗಳಿವೆಯಲ್ಲ, ಸಿನಿಮಾದವರು ‘ಶೋಲೆ’ ಗುಡ್ಡ ಎನ್ನುವವು, ಅವೇ ಕ್ಲೋಸ್‌ಪೇಟೆ ಗ್ರಾನೈಟ್. ಉತ್ತರ–ದಕ್ಷಿಣವಾಗಿ ನೂರಾರು ಕಿಲೊಮೀಟರ್ ಚಾಚಿದ, ಸುಮಾರು 250 ಕೋಟಿ ವರ್ಷ ಹಳೆಯ ಪಟ್ಟಿ. ರಾಧಾಕೃಷ್ಣ 1956ರಲ್ಲಿ ಅದರ ಬಗ್ಗೆ ಬರೆದ ಪುಸ್ತಕವನ್ನು ಪ್ರಕಟಿಸಿದ್ದು ಮೈಸೂರು ಭೂವಿಜ್ಞಾನಿಗಳ ಸಂಘ. ಕಾರ್ಯದರ್ಶಿಯಾಗಿ, ಸಂಪಾದಕರಾಗಿ, ಅಧ್ಯಕ್ಷರಾಗಿ ಅವರು ಸೊಸೈಟಿಯನ್ನು ದಶಕಗಳ ಕಾಲ ಹೊತ್ತರು. ವಾರ್ಷಿಕ ಸಂಚಿಕೆಯಂತಿದ್ದ ‘ಜರ್ನಲ್’ ತಿಂಗಳ ಪತ್ರಿಕೆಯಾಯಿತು. 1991ರಲ್ಲಿ ಪದ್ಮಶ್ರೀ ಬಂತು; 2012ರ ಜನವರಿಯಲ್ಲಿ, 93ರ ವಯಸ್ಸಿನಲ್ಲಿ ತೀರಿಕೊಂಡರು.

ಸೊಸೈಟಿಯ ಪ್ರಶಸ್ತಿಗಳ ಹೆಸರು ಓದಿದರೆ ಅದರ ವಂಶಾವಳಿಯೇ ಸಿಗುತ್ತದೆ: ಎಲ್. ರಾಮರಾವ್ ಜನ್ಮಶತಮಾನೋತ್ಸವ ಪ್ರಶಸ್ತಿ, ಎಸ್. ನಾರಾಯಣಸ್ವಾಮಿ ಪ್ರಶಸ್ತಿ, ಎಂ.ಆರ್. ಶ್ರೀನಿವಾಸರಾವ್ ಪ್ರಶಸ್ತಿ, ಸಿ. ನಾಗಣ್ಣ ಚಿನ್ನದ ಪದಕ, ಗುಜರಾತಿನ ಭೂವಿಜ್ಞಾನ ಬರೆದ ಎಸ್.ಎಸ್. ಮೇರ್ಹ್ ಹೆಸರಿನದು, ರಾಧಾಕೃಷ್ಣ ಹೆಸರಿನದು. ಬಹುಮಾನದ ಮೊತ್ತ ದೊಡ್ಡದಲ್ಲ. ಶಿಷ್ಯರೂ ಮನೆಯವರೂ ಗೆಳೆಯರೂ ಗುರುವಿನ ನೆನಪಿಗೆ ಇಟ್ಟ ದತ್ತಿಗಳಂಥವು ಇವು. ಹೈಸ್ಕೂಲಿನಲ್ಲಿ ಅತಿ ಹೆಚ್ಚು ಅಂಕ ತೆಗೆದವರಿಗೆ ಕೊಡುವ ಬಹುಮಾನದ ದೊಡ್ಡಣ್ಣ ಎನ್ನಬಹುದು.

ಸೊಸೈಟಿಯ ಪತ್ರಿಕೆಯ ಪುಟಗಳಲ್ಲಿ ನಡೆದ ದೊಡ್ಡ ಪರೀಕ್ಷೆಯನ್ನು ಹೇಳುವ ಮೊದಲು ಚಂಡೀಗಡಕ್ಕೆ ಹೋಗಿಬರಬೇಕು. ಪಂಜಾಬ್ ವಿಶ್ವವಿದ್ಯಾಲಯದ ವಿಶ್ವಜಿತ್ ಗುಪ್ತಾ ಸುಮಾರು 25 ವರ್ಷಗಳಲ್ಲಿ ಹಿಮಾಲಯದ ಪಳೆಯುಳಿಕೆಗಳ ಬಗ್ಗೆ 300ಕ್ಕೂ ಹೆಚ್ಚು ಪ್ರಬಂಧ ಬರೆದಿದ್ದರು, ದೇಶವಿದೇಶದ ನೂರಕ್ಕೂ ಹೆಚ್ಚು ಸಹಲೇಖಕರೊಂದಿಗೆ. 1989ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ ‘ನೇಚರ್’ನಲ್ಲಿ ಬಾಂಬು ಹಾಕಿದರು. ಹಿಮಾಲಯದಲ್ಲಿ ಸಿಕ್ಕವು ಎಂದ ಅಮ್ಮೋನಾಯ್ಡ್‌ಗಳು ಮೊರಾಕ್ಕೊದ ಎರ್ಫೂದ್‌ನವಂತೆ ಕಾಣುತ್ತವೆ, ಅಂಥವು ಪ್ಯಾರಿಸಿನ ಅಂಗಡಿಯಲ್ಲಿ ಮಾರಾಟಕ್ಕಿವೆ. ಕೊನೊಡಾಂಟ್ ಎಂಬ ಸೂಕ್ಷ್ಮ ಹಲ್ಲುಗಳು ನ್ಯೂಯಾರ್ಕ್ ರಾಜ್ಯದ ಒಂದು ಹಳ್ಳದವನ್ನೇ ಹೋಲುತ್ತವೆ. ಎಲ್ಲಿ ಸಿಕ್ಕಿತು ಎಂಬ ಒಂದು ಸಾಲು ಸುಳ್ಳಾದರೆ ಪಳೆಯುಳಿಕೆಗೆ ಬೆಲೆಯಿಲ್ಲ. ವಿಶ್ವವಿದ್ಯಾಲಯದ ವಿಚಾರಣೆ ವರ್ಷಗಟ್ಟಲೆ ನಡೆದು ತಪ್ಪು ಸಾಬೀತಾಯಿತು. ಆದರೂ ಕೆಲಸ ಹೋಗಲಿಲ್ಲ. ನಿವೃತ್ತಿಯವರೆಗೆ ಅವರು ಪ್ರಾಧ್ಯಾಪಕರಾಗಿಯೇ ಉಳಿದರು. ಅಂದಿನಿಂದ ಭಾರತದ ಪಳೆಯುಳಿಕೆ ತಜ್ಞರ ಪಾಡು ಬಿಸಿಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕಿನಂತಾಯಿತು.

ಸುಟ್ಟ ಬಾಯಿ ಇನ್ನೂ ಮಾಯದಿದ್ದಾಗ, 1998ರ ಅಕ್ಟೋಬರಿನಲ್ಲಿ, ಗವಿಪುರದ ‘ಜರ್ನಲ್’ 52ನೇ ಸಂಪುಟದಲ್ಲಿ ಒಂಬತ್ತು ಪುಟದ ಪ್ರಬಂಧವೊಂದನ್ನು ಪ್ರಕಟಿಸಿತು. ಬರೆದವರು ಡೆಹ್ರಾಡೂನಿನ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯ ರಫತ್ ಅಜ್ಮಿ. ವಿಂಧ್ಯದ ತಳಪದರಗಳಲ್ಲಿ ಸಣ್ಣ ಚಿಪ್ಪಿನ ಜೀವಿಗಳ ಉಳಿಕೆ ಸಿಕ್ಕಿವೆ, ಆದ್ದರಿಂದ ಈ ಪದರಗಳು ಕೇಂಬ್ರಿಯನ್ ಕಾಲದವು ಎಂಬುದು ಅವರ ಹಕ್ಕು. ಎಂದರೆ ಸುಮಾರು 54 ಕೋಟಿ ವರ್ಷ. ಅಲ್ಲಿಯವರೆಗೆ ಎಲ್ಲರೂ ಅದನ್ನು 100 ಕೋಟಿಗೂ ಹಳೆಯದು ಎಂದೇ ಓದಿದ್ದರು. ಕಾಕತಾಳೀಯ ನೋಡಿ, ಅದೇ ಅಕ್ಟೋಬರಿನಲ್ಲಿ ಜರ್ಮನಿಯ ಆಡಾಲ್ಫ್ ಸೈಲಾಕರ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ವಿಂಧ್ಯದ ಮರಳುಗಲ್ಲಿನ ಮೇಲೆ 110 ಕೋಟಿ ವರ್ಷ ಹಿಂದಿನ ಹುಳುಗಳ ಹಾದಿ ಕಂಡೆವು ಎಂದು ಸಾರಿದ್ದರು. ಅಜ್ಮಿ ಹೇಳಿದ್ದು ನಿಜವಾದರೆ ಸೈಲಾಕರ್ ಸುದ್ದಿಗೆ ಅರ್ಥವಿಲ್ಲ.

ಕಿಡಿ ಹತ್ತಿತು. ಅದೇ ‘ಜರ್ನಲ್’ನಲ್ಲಿ ಪರ–ವಿರೋಧ ಚರ್ಚೆಗಳು ಅಚ್ಚಾದವು. ಇವು ಪಳೆಯುಳಿಕೆಯೇ ಅಲ್ಲ ಎಂದರು ಕೆಲವರು. ಎಲ್ಲಿಂದಲೋ ತಂದಿಟ್ಟದ್ದು ಎಂಬ ಪಿಸುಮಾತೂ ಎದ್ದಿತು. ಗುಪ್ತಾ ನೆರಳು ಎಲ್ಲರ ತಲೆಯ ಮೇಲೂ ಇತ್ತು, ಹಗ್ಗ ಕಂಡರೂ ಹಾವೆನ್ನುವ ಕಾಲ. 2002ರಲ್ಲಿ ಜ್ವಾಲಾಮುಖಿ ಬೂದಿಯ ಪದರಗಳ ಜಿರ್ಕಾನ್ ಹರಳಿನಿಂದ ವಯಸ್ಸು ಅಳೆದಾಗ ಬಂದ ಉತ್ತರ 160 ಕೋಟಿ ವರ್ಷ. ಅಜ್ಮಿ ಸೋತರು ಎಂದೇ ಎಲ್ಲರೂ ತಿಳಿದರು. 54 ಎಲ್ಲಿ, 160 ಎಲ್ಲಿ? ಅಷ್ಟು ಹಿಂದೆ ಇಂಥ ಜೀವಿಗಳು ಇರುವುದುಂಟೆ?

ಸ್ಟಾಕ್‌ಹೋಮಿನ ಸ್ಟೆಫಾನ್ ಬೆಂಗ್ಟ್‌ಸನ್ ಹಾಗೆ ಬಿಡಲಿಲ್ಲ. ಚಿತ್ರಕೂಟದ ಕಡೆಯ ಫಾಸ್ಫೇಟು ತುಂಬಿದ ಕಲ್ಲುಗಳನ್ನು ಅವರ ತಂಡ ಹೊಸದಾಗಿ ಸಂಗ್ರಹಿಸಿತು. ಉಂಗುರುಂಗುರಾದ ನಳಿಕೆಗಳು ಸಿಕ್ಕವು. ಭ್ರೂಣದಂತೆ ಕಾಣುವ ಗೋಲಿಗಳೂ ಸಿಕ್ಕವು. ಅದೇ ಕಲ್ಲಿನ ಸೀಸದ ಐಸೊಟೋಪುಗಳನ್ನು ಅಳೆದಾಗ ವಯಸ್ಸು 165 ಕೋಟಿ ವರ್ಷ, ಆಚೀಚೆ 9 ಕೋಟಿ. 2009ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದ ಪ್ರಬಂಧದ ತಲೆಬರಹದ ತಾತ್ಪರ್ಯ ಇಷ್ಟು: ವಿವಾದದ ಪಳೆಯುಳಿಕೆಗಳು ನಿಜವಾದವೇ, ಆದರೆ ಎಣಿಸಿದ್ದಕ್ಕಿಂತ ನೂರು ಕೋಟಿ ವರ್ಷಕ್ಕೂ ಹೆಚ್ಚು ಹಳೆಯವು. ಗೋಲಿಗಳು ಮಾತ್ರ ಭ್ರೂಣವಲ್ಲ, ಲೋಳೆಯಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳು. ಅಜ್ಮಿ ಕಲ್ಲಿನ ವಯಸ್ಸಿನಲ್ಲಿ ತಪ್ಪಿದ್ದರು, ಕಂಡದ್ದನ್ನು ಹೇಳುವುದರಲ್ಲಿ ತಪ್ಪಿರಲಿಲ್ಲ. ಅನುಮಾನಿಸಿದವರು ವಯಸ್ಸಿನ ವಿಷಯದಲ್ಲಿ ಸರಿ, ಮನುಷ್ಯನ ವಿಷಯದಲ್ಲಿ ತಪ್ಪು. ಈ ಎರಡನ್ನು ಬೇರ್ಪಡಿಸಲು 11 ವರ್ಷ ಹಿಡಿಯಿತು. ಗವಿಪುರದವರು ಆ ಒಂಬತ್ತು ಪುಟಗಳನ್ನು ಅಚ್ಚು ಹಾಕದೆ ಹಿಂದಕ್ಕೆ ಕಳಿಸಿದ್ದರೆ ಯಾರೂ ಚಿತ್ರಕೂಟಕ್ಕೆ ಹೋಗುತ್ತಿರಲಿಲ್ಲವೇನೋ.

2017ರ ಮಾರ್ಚ್‌ನಲ್ಲಿ ಬೆಂಗ್ಟ್‌ಸನ್ ತಂಡ ಅದೇ ಕಲ್ಲುಗಳನ್ನು ಎಕ್ಸ್‌ರೇ ಸೂಕ್ಷ್ಮದರ್ಶನದಲ್ಲಿ ನೋಡಿ, ಅವುಗಳೊಳಗೆ 160 ಕೋಟಿ ವರ್ಷ ಹಳೆಯ ಕೆಂಪು ಪಾಚಿಯಂಥ ಜೀವಿಗಳಿವೆ ಎಂದು ಪ್ರಕಟಿಸಿತು. ಜೀವಕೋಶಗಳ ಗೋಡೆಗಳು ಕೂಡ ಕಾಣುತ್ತಿದ್ದವು. ಕೆಂಪು ಪಾಚಿಯಂಥ ಎರಡು ಹೊಸ ಕುಲಗಳಿಗೆ ಹೆಸರಿಡಬೇಕಿತ್ತು. ಒಂದಕ್ಕೆ, ವನವಾಸದಲ್ಲಿ ರಾಮ ಚಿತ್ರಕೂಟದಲ್ಲಿದ್ದನೆಂಬ ನಂಬಿಕೆಯ ನೆನಪಿಗೆ, ‘ರಾಮಥಾಲಸ್’ ಎಂದಿಟ್ಟರು. ಇನ್ನೊಂದರ ಹೆಸರು ‘ರಫತಾಜ್ಮಿಯಾ ಚಿತ್ರಕೂಟೆನ್ಸಿಸ್’.